ಅಲಗಿನ ಭಿನ್ನ ಗಡಸುಗೊಳಿಕೆ ಮತ್ತು ಆಮ್ಲಕೊರೆತ

ಭಿನ್ನ ಗಡಸುಗೊಳಿಕೆ ಎಂದರೆ ಒಂದೇ ಉಕ್ಕಿನ ತುಂಡಿನಿಂದ ಮಾಡಿದ ಚೂರಿ, ಕುಡುಗೋಲು, ಕತ್ತಿ ಮೊದಲಾದವುಗಳ ಅಲಗಿನಲ್ಲಿ ಬಾಯಿಯ ಭಾಗವನ್ನು ಮಾತ್ರ ಗಡಸಾಗಿಸಿ, ಬೆನ್ನಿನ ಭಾಗವನ್ನು ಮೃದುವಾಗಿ ಉಳಿಸಿಕೊಳ್ಳುವ ಉಷ್ಣಸಂಸ್ಕರಣ ವಿಧಾನ. ಇಲ್ಲಿ ಬಾಯಿ ಎಂದರೆ ಕತ್ತರಿಸುವ ಹರಿತ ಅಂಚು. ಬೆನ್ನು ಎಂದರೆ ಅದಕ್ಕೆದುರಾದ ದಪ್ಪ ಅಂಚು. ಬಾಯಿ ಗಡಸಾಗಿದ್ದರೆ ಹರಿತ ಬಹುಕಾಲ ನಿಲ್ಲುತ್ತದೆ. ಬೆನ್ನು ಮೃದುವಾಗಿದ್ದರೆ ಪೆಟ್ಟು ಬಿದ್ದಾಗ ಅಲಗು ಬಾಗುತ್ತದೆಯೇ ಹೊರತು ಮುರಿದು ಹಾರುವುದಿಲ್ಲ. ಈ ಎರಡು ಗುಣಗಳು ಪರಸ್ಪರ ವಿರುದ್ಧವಾದವು. ಅವೆರಡನ್ನೂ ಒಂದೇ ಲೋಹದಲ್ಲಿ ಪಡೆಯುವುದೇ ಈ ವಿಧಾನದ ಉದ್ದೇಶ.

ಆಮ್ಲಕೊರೆತ ಎಂದರೆ ಉಜ್ಜಿ ನಯಗೊಳಿಸಿದ ಅಲಗನ್ನು ದುರ್ಬಲ ಆಮ್ಲದಲ್ಲಿ ಅಥವಾ ಲೋಹವನ್ನು ಕರಗಿಸುವ ಲವಣದ ದ್ರಾವಣದಲ್ಲಿ ಅದ್ದಿ, ಒಳಗಿನ ರಚನೆಯ ವ್ಯತ್ಯಾಸ ಮೇಲ್ಮೈಯಲ್ಲಿ ಕಾಣುವಂತೆ ಮಾಡುವ ಕ್ರಿಯೆ. ವರ್ಕ್‌ಶಾಪುಗಳಲ್ಲಿ ಇದನ್ನು ಎಚಿಂಗ್ ಎಂದೇ ಕರೆಯುತ್ತಾರೆ. ಅಲಗಿನ ಮೇಲೆ ಮೂಡುವ ಅಲೆಯಂಥ ಗೆರೆಯ ಚೆಲುವಿಗಾಗಿ ಹಲವರು ಇದನ್ನು ಮಾಡುತ್ತಾರೆ. ಆದರೆ ಹೊಸಬರಿಗೆ ಇದು ಅಲಂಕಾರಕ್ಕಿಂತ ಮೊದಲು ಒಂದು ಪರೀಕ್ಷೆ. ಗಡಸುತನ ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ, ಎಲ್ಲಿ ತಪ್ಪಿಹೋಗಿದೆ ಎಂಬುದನ್ನು ಅಲಗನ್ನು ಮುರಿಯದೆಯೇ ತೋರಿಸುವ ಸುಲಭ ಉಪಾಯ ಇದು.

ಗಡಿಭಾಗದ ಕುಲುಮೆಗಳಲ್ಲಿ

ಬೆಳಗಾವಿ ಜಿಲ್ಲೆಯ ರಾಯಬಾಗ, ಚಿಕ್ಕೋಡಿ, ಅಥಣಿ, ಕಾಗವಾಡ ಮತ್ತು ನಿಪ್ಪಾಣಿ ತಾಲ್ಲೂಕುಗಳು ಕೃಷ್ಣಾ ನದಿ ಹಾಗೂ ಅದರ ಉಪನದಿಗಳ ನೀರನ್ನು ನೆಚ್ಚಿದ ಕಬ್ಬಿನ ಸೀಮೆ. ರಾಯಬಾಗ ತಾಲ್ಲೂಕಿನ ಮುಗಳಖೋಡ ಈ ಸೀಮೆಯ ಊರುಗಳಲ್ಲೊಂದು. ಇಲ್ಲಿ ಕಬ್ಬು ಕಡಿಯಲು ಬಳಸುವ ಅಗಲವಾದ ಕತ್ತಿಗೆ ಕೊಯ್ತಾ ಎಂಬ ಹೆಸರಿದೆ. ಕಬ್ಬಿನ ಬುಡದ ಗೆಣ್ಣುಗಳಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದರಿಂದ ಕಬ್ಬನ್ನು ನೆಲಕ್ಕೆ ಹೊಂದಿಸಿಯೇ ಕಡಿಯಬೇಕಾಗುತ್ತದೆ. ಹಾಗೆ ಕಡಿಯುವಾಗ ಕೊಯ್ತಾದ ಬಾಯಿ ಮಣ್ಣಿಗೂ ಹರಳಿಗೂ ದಿನವಿಡೀ ತಾಗುತ್ತಿರುತ್ತದೆ. ಅಲಗು ಪೂರ್ತಿ ಮೃದುವಾಗಿದ್ದರೆ ಗಂಟೆಗೊಮ್ಮೆ ಮಸೆಯಬೇಕು. ಪೂರ್ತಿ ಗಡಸಾಗಿದ್ದರೆ ಕಲ್ಲಿಗೆ ತಾಗಿ ಚೂರು ಹಾರಿ ಕಡಿಯುವವರ ಕಾಲಿಗೋ ಕಣ್ಣಿಗೋ ಬಡಿಯಬಹುದು. ಭಿನ್ನ ಗಡಸುಗೊಳಿಕೆಯ ಅಗತ್ಯವನ್ನು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾಗಿಲ್ಲ.

ಉತ್ತರ ಕರ್ನಾಟಕದಲ್ಲಿ ಕಮ್ಮಾರನಿಗೆ ಕಂಬಾರ ಎನ್ನುವುದು ರೂಢಿ. ಜ್ಞಾನಪೀಠ ಪ್ರಶಸ್ತಿ ಪಡೆದ ಕವಿ ಚಂದ್ರಶೇಖರ ಕಂಬಾರರು ಇದೇ ಜಿಲ್ಲೆಯ ಘೋಡಗೇರಿಯವರು. ಅವರ ಮನೆತನದ ಹೆಸರು ಈ ಕಸುಬಿನದೇ. ಹಿಂದೆ ಊರಿನ ಕಂಬಾರರು ರೈತರ ಕುಡುಗೋಲು, ಕುರ್ಚಿಗಿ, ಕೊಡಲಿ, ನೇಗಿಲ ಕುಳಗಳನ್ನು ಮಾಡಿಕೊಟ್ಟು, ಹಣಿದು ಕೊಟ್ಟು, ಸುಗ್ಗಿಯಲ್ಲಿ ಕಾಳನ್ನು ಆಯವಾಗಿ ಪಡೆಯುತ್ತಿದ್ದರು. ಹಣಿಯುವುದೆಂದರೆ ಸವೆದ ಬಾಯನ್ನು ಕಾಯಿಸಿ ಬಡಿದು ತೆಳುಗೊಳಿಸುವುದು. ಹಣಿದ ಮೇಲೆ ಬಾಯಿಗೆ ಮತ್ತೆ ಹದ ಕೊಡಬೇಕು, ಏಕೆಂದರೆ ಕುಲುಮೆಯ ಕಾವಿನಲ್ಲಿ ಹಳೆಯ ಹದ ಅಳಿಸಿಹೋಗಿರುತ್ತದೆ.

ಹಳ್ಳಿಯ ಕುಲುಮೆಯಲ್ಲಿ ಹದ ಕೊಡುವ ಸಾಮಾನ್ಯ ಕ್ರಮ ಹೀಗಿದೆ. ಕೆಂಪಗೆ ಕಾದ ಅಲಗನ್ನು ಇಕ್ಕುಳದಲ್ಲಿ ಹಿಡಿದು, ಬಾಯಿಯಷ್ಟನ್ನೇ ನೀರಿನ ದೋಣಿಗೆ ತಾಗಿಸಿ, ಬೆನ್ನನ್ನು ಹೊರಗೇ ಉಳಿಸುತ್ತಾರೆ. ಕ್ಷಣಕಾಲದ ನಂತರ ಹೊರತೆಗೆದು ಬಾಯನ್ನು ಕಲ್ಲಿನಿಂದಲೋ ಇಟ್ಟಿಗೆಯ ತುಂಡಿನಿಂದಲೋ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಬೆನ್ನಿನಲ್ಲಿ ಉಳಿದ ಕಾವು ನಿಧಾನವಾಗಿ ಬಾಯಿಯ ಕಡೆಗೆ ಹರಿಯುತ್ತದೆ. ಬೆಳ್ಳಗಿನ ಲೋಹದ ಮೇಲೆ ಹಳದಿ, ಕಂದು, ನೇರಳೆ ಬಣ್ಣಗಳು ಒಂದರ ಹಿಂದೊಂದು ಓಡುತ್ತವೆ. ಬೇಕಾದ ಬಣ್ಣ ಬಾಯಿಯ ಅಂಚಿಗೆ ಬಂದೊಡನೆ ಅಲಗನ್ನು ಮತ್ತೆ ನೀರಿಗೆ ಇಳಿಸಿದರೆ ಕೆಲಸ ಮುಗಿಯಿತು. ಗಡಸುಗೊಳಿಸುವುದು, ಹದಗೊಳಿಸುವುದು ಎಂದು ಪುಸ್ತಕಗಳು ಬೇರೆ ಬೇರೆಯಾಗಿ ವಿವರಿಸುವ ಎರಡು ಹಂತಗಳು ಇಲ್ಲಿ ಒಂದೇ ಕಾವಿನಲ್ಲಿ, ಒಂದೆರಡು ನಿಮಿಷದೊಳಗೆ ನಡೆದುಹೋಗುತ್ತವೆ. ಭಿನ್ನ ಗಡಸುಗೊಳಿಕೆಯ ಮಾತು ಬಂದಾಗಲೆಲ್ಲ ಜಪಾನಿನ ಖಡ್ಗಗಳನ್ನೇ ನೆನೆಯುವುದು ವಾಡಿಕೆಯಾಗಿದೆ. ಅದೇ ತತ್ವದ ಸರಳ ರೂಪ ಊರ ಬಾಗಿಲಲ್ಲಿಯೇ ಇದೆ ಎಂಬುದು ಗಮನಕ್ಕೆ ಬರುವುದು ಕಡಿಮೆ.

ಒಳಗೆ ನಡೆಯುವುದೇನು

ಉಕ್ಕು ಕಬ್ಬಿಣ ಮತ್ತು ಇಂಗಾಲದ ಮಿಶ್ರಲೋಹ. ಚೂರಿಗೆ ಬಳಸುವ ಸರಳ ಇಂಗಾಲದ ಉಕ್ಕಿನಲ್ಲಿ ಸಾಮಾನ್ಯವಾಗಿ 0.6ರಿಂದ 1 ಪ್ರತಿಶತದಷ್ಟು ಇಂಗಾಲವಿರುತ್ತದೆ. ಸಾಧಾರಣ ಉಷ್ಣತೆಯಲ್ಲಿ ನಿಧಾನವಾಗಿ ಆರಿದ ಇಂಥ ಉಕ್ಕಿನಲ್ಲಿ ಪರ್ಲೈಟ್ ಎಂಬ ರಚನೆ ಪ್ರಧಾನವಾಗಿರುತ್ತದೆ. ಮೃದುವಾದ ಫೆರೈಟ್ ಮತ್ತು ಗಡಸಾದ ಸಿಮೆಂಟೈಟ್‌ಗಳ ತೆಳುಪದರಗಳು ಒಂದರ ಮೇಲೊಂದು ಜೋಡಿಸಿದಂತೆ ಇರುವುದು ಪರ್ಲೈಟ್. ಉಕ್ಕನ್ನು ಸುಮಾರು 727 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಿದಾಗ ಈ ಪದರಗಳು ಕರಗಿ, ಇಂಗಾಲವನ್ನು ತನ್ನೊಳಗೆ ಹರಡಿಕೊಂಡ ಆಸ್ಟೆನೈಟ್ ರೂಪುಗೊಳ್ಳುತ್ತದೆ. ಗಡಸುಗೊಳಿಸುವಾಗ ವಾಸ್ತವದಲ್ಲಿ 780ರಿಂದ 820 ಡಿಗ್ರಿಯವರೆಗೆ ಕಾಯಿಸುವುದು ರೂಢಿ.

ಮುಂದಿನದೆಲ್ಲ ತಣಿಯುವ ವೇಗವನ್ನು ಅವಲಂಬಿಸಿದೆ. ಆಸ್ಟೆನೈಟ್ ನಿಧಾನವಾಗಿ ತಣಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುತ್ತದೆ, ಮತ್ತೆ ಪರ್ಲೈಟ್ ಆಗುತ್ತದೆ. ಹಠಾತ್ತನೆ ತಣಿದರೆ ಇಂಗಾಲದ ಪರಮಾಣುಗಳು ಇದ್ದಲ್ಲಿಯೇ ಸಿಕ್ಕಿಬೀಳುತ್ತವೆ. ಕಬ್ಬಿಣದ ಸ್ಫಟಿಕಜಾಲ ಬಿಗಿದು, ಎಳೆದು, ಮಾರ್ಟೆನ್ಸೈಟ್ ಎಂಬ ಅತಿ ಗಡಸು ರಚನೆ ಹುಟ್ಟುತ್ತದೆ. ಸರಳ ಇಂಗಾಲದ ಉಕ್ಕಿನಲ್ಲಿ ಸುಮಾರು 540 ಡಿಗ್ರಿಯ ಆಸುಪಾಸನ್ನು ಒಂದು ಸೆಕೆಂಡಿನ ಆಚೀಚೆ ದಾಟಿಬಿಡಬೇಕು. ತಡವಾದರೆ ಪರ್ಲೈಟ್ ಆಗಿಬಿಡುತ್ತದೆ. ಹಾಗೆ ದಾಟಿದ ಉಕ್ಕು 200 ಡಿಗ್ರಿಯ ಸುತ್ತಮುತ್ತ ಬಂದಾಗ ಮಾರ್ಟೆನ್ಸೈಟ್ ಆಗಲು ತೊಡಗುತ್ತದೆ. ಬಾಯಿ ತೆಳುವಾಗಿದ್ದು ಬೇಗ ತಣಿಯುತ್ತದೆ. ಬೆನ್ನು ದಪ್ಪವಾಗಿದ್ದು ತಡವಾಗಿ ತಣಿಯುತ್ತದೆ. ಈ ಸಹಜ ಅಂತರವನ್ನು ನೀರಿನ ಮಟ್ಟದಿಂದಲೋ ಮಣ್ಣಿನ ಲೇಪದಿಂದಲೋ ಹಿಗ್ಗಿಸುವುದೇ ಭಿನ್ನ ಗಡಸುಗೊಳಿಕೆ.

ಗಡಸುತನವನ್ನು ರಾಕ್‌ವೆಲ್ ಸಿ ಮಾನದಲ್ಲಿ ಅಳೆಯುತ್ತಾರೆ. ತಣಿಸಿದೊಡನೆ ಬಾಯಿ ಸುಮಾರು 64ರಿಂದ 66ರಷ್ಟಿರುತ್ತದೆ, ಪರ್ಲೈಟ್‌ನ ಬೆನ್ನು 40ಕ್ಕಿಂತ ಕೆಳಗಿರುತ್ತದೆ. ಇಷ್ಟು ಗಡಸಾದ ಬಾಯಿ ಗಾಜಿನಂತೆ ಪೆಡಸಾಗಿರುವುದರಿಂದ ಅದನ್ನು ಹಾಗೆಯೇ ಬಳಸುವಂತಿಲ್ಲ.

ಉಕ್ಕಿನ ಆಯ್ಕೆ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಗುಜರಿಯಲ್ಲಿ ಸುಲಭವಾಗಿ ಸಿಗುವುದು ಲಾರಿ, ಟ್ರ್ಯಾಕ್ಟರ್ ಟ್ರೇಲರುಗಳ ಕಮಾನು ಪಟ್ಟಿ. ಅದು ಕೊಯ್ತಾ, ಕೊಡಲಿಗಳಿಗೆ ಒಳ್ಳೆಯ ಉಕ್ಕೇ ಹೌದು. ಆದರೆ ಸ್ಪ್ರಿಂಗ್ ಉಕ್ಕಿನಲ್ಲಿ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಸೇರಿರುತ್ತದೆ. ದಪ್ಪ ಪಟ್ಟಿ ಒಳಗಿನವರೆಗೂ ಗಡಸಾಗಬೇಕೆಂಬ ಕಾರಣಕ್ಕಾಗಿಯೇ ಈ ಧಾತುಗಳನ್ನು ಸೇರಿಸುತ್ತಾರೆ. ಅವು ಪರ್ಲೈಟ್ ಹುಟ್ಟುವುದನ್ನು ತಡಮಾಡುತ್ತವೆ. ಪರಿಣಾಮವಾಗಿ ಮಣ್ಣು ಮೆತ್ತಿದ ಬೆನ್ನೂ ಗಡಸಾಗಿಬಿಡುತ್ತದೆ, ಆಮ್ಲದಲ್ಲಿ ಅದ್ದಿದಾಗ ಗೆರೆ ಮಸುಕಾಗಿ ಕಾಣುತ್ತದೆ ಅಥವಾ ಕಾಣುವುದೇ ಇಲ್ಲ. ಬೇರಿಂಗ್ ಉಕ್ಕಿನದೂ ಇದೇ ಕಥೆ. ಅದರಲ್ಲಿ 1 ಪ್ರತಿಶತ ಇಂಗಾಲದೊಂದಿಗೆ ಸುಮಾರು 1.5 ಪ್ರತಿಶತ ಕ್ರೋಮಿಯಂ ಇರುತ್ತದೆ. ಇಂಥ ಉಕ್ಕುಗಳಿಗೆ ಮಣ್ಣಿನ ಲೇಪಕ್ಕಿಂತ ಬಾಯಿಯಷ್ಟನ್ನೇ ಅದ್ದುವ ಕ್ರಮ ಹೊಂದುತ್ತದೆ.

ಸ್ಪಷ್ಟವಾದ ಗೆರೆ ಬೇಕಾದರೆ ಮ್ಯಾಂಗನೀಸ್ ಕಡಿಮೆಯಿರುವ ಸರಳ ಇಂಗಾಲದ ಉಕ್ಕು ಬೇಕು. ಮಾರುಕಟ್ಟೆಯಲ್ಲಿ 1075, 1095 ಎಂಬ ಅಂಕಿಗಳಿಂದ ಗುರುತಿಸುವ ಉಕ್ಕುಗಳು ಈ ವರ್ಗದವು. ಕೊನೆಯ ಎರಡು ಅಂಕಿಗಳು ಇಂಗಾಲದ ಪ್ರಮಾಣವನ್ನು ಸೂಚಿಸುತ್ತವೆ, ಅಂದರೆ 1095ರಲ್ಲಿ ಸುಮಾರು 0.95 ಪ್ರತಿಶತ. ಹಳೆಯ ಒಳ್ಳೆಯ ಅರಗಳೂ ಆಗುತ್ತವೆ, ಆದರೆ ಅಗ್ಗದ ಕೆಲವು ಅರಗಳಲ್ಲಿ ಮೇಲ್ಪದರ ಮಾತ್ರ ಗಡಸಾಗಿದ್ದು ಒಳಗೆ ಮೆತ್ತನೆಯ ಕಬ್ಬಿಣವಿರುತ್ತದೆ. ಕಟ್ಟಡಕ್ಕೆ ಬಳಸುವ ಸರಳಿನಲ್ಲಿ ಇಂಗಾಲ ಬಹಳ ಕಡಿಮೆ; ಅದಕ್ಕೆ ಎಷ್ಟು ನೀರು ಕುಡಿಸಿದರೂ ಚೂರಿಗೆ ತಕ್ಕ ಗಡಸು ಬರುವುದಿಲ್ಲ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು ಈ ವಿಧಾನಕ್ಕೆ ಹೊಂದುವುದಿಲ್ಲ.

ಯಾವ ಉಕ್ಕೆಂದು ತಿಳಿಯದಿದ್ದಾಗ ಅದರ ಸಣ್ಣ ತುಂಡೊಂದನ್ನು ಕಾಯಿಸಿ ತಣಿಸಿ ಸುತ್ತಿಗೆಯಿಂದ ಮುರಿದು ನೋಡುವುದು ಉತ್ತಮ. ಮುರಿದ ಮುಖ ರೇಷ್ಮೆಯಂತೆ ಬೂದುಬಣ್ಣದ್ದಾಗಿ ನಯವಾಗಿದ್ದರೆ ಕಾವು ಸರಿಯಾಗಿತ್ತು. ಸಕ್ಕರೆಯ ಹರಳಿನಂತೆ ಮಿನುಗಿದರೆ ಕಾವು ಮೀರಿ ಹರಳು ಬೆಳೆದಿದೆ ಎಂದು ಅರ್ಥ.

ಮಣ್ಣಿನ ಲೇಪ

ಜಪಾನಿನ ಖಡ್ಗಗಾರರು ಪ್ರಸಿದ್ಧಗೊಳಿಸಿದ ಕ್ರಮದಲ್ಲಿ ಜೇಡಿಮಣ್ಣು, ಇದ್ದಿಲ ಪುಡಿ ಮತ್ತು ಸಾಣೆಕಲ್ಲಿನ ಪುಡಿಯನ್ನು ಕಲಸಿ ಅಲಗಿಗೆ ಮೆತ್ತುತ್ತಾರೆ. ಬೆನ್ನಿಗೆ ದಪ್ಪ ಲೇಪ, ಬಾಯಿಗೆ ತೀರ ತೆಳು ಲೇಪ ಅಥವಾ ಏನೂ ಇಲ್ಲ. ತಣಿಸಿದಾಗ ಗಡಸು ಮತ್ತು ಮೃದು ಭಾಗಗಳ ನಡುವೆ ಮೂಡುವ ಗಡಿಗೆ ಜಪಾನಿನಲ್ಲಿ ಹಾಮೊನ್ ಎಂಬ ಹೆಸರಿದೆ. ದಪ್ಪ ಲೇಪ ಕಾವನ್ನು ತಡೆದು ಬೆನ್ನನ್ನು ನಿಧಾನವಾಗಿ ಆರಗೊಡುತ್ತದೆ. ತೆಳು ಲೇಪದ ಕೆಲಸ ಇದಕ್ಕೆ ವಿರುದ್ಧ: ಬರಿಯ ಕೆಂಪು ಲೋಹ ನೀರಿಗೆ ಬಿದ್ದಾಗ ಅದರ ಸುತ್ತ ಆವಿಯ ಹೊದಿಕೆ ಕಟ್ಟಿಕೊಂಡು ತಣಿಯುವುದು ತಡವಾಗುತ್ತದೆ, ಒರಟಾದ ತೆಳು ಮಣ್ಣು ಆ ಹೊದಿಕೆಯನ್ನು ಒಡೆಯುತ್ತದೆ. ಲೇಪದಿಂದ ಬಾಯಿಯ ಕಡೆಗೆ ಅಡ್ಡಲಾಗಿ ಎಳೆದ ಸಣ್ಣ ಮಣ್ಣಿನ ಗೆರೆಗಳು ಗಡಸು ಬಾಯಿಯ ನಡುನಡುವೆ ಮೃದುವಾದ ಪಟ್ಟಿಗಳನ್ನು ಉಳಿಸುತ್ತವೆ. ಬಾಯಿಯಲ್ಲಿ ಎಲ್ಲಾದರೂ ಚಕ್ಕೆ ಎದ್ದರೆ ಆ ಬಿರುಕು ಮುಂದಿನ ಮೃದು ಪಟ್ಟಿಯಲ್ಲಿ ನಿಲ್ಲಲಿ ಎಂಬುದು ಅದರ ಉದ್ದೇಶ.

ಮಣ್ಣಿನ ಆಯ್ಕೆಯಲ್ಲಿ ಸ್ಥಳೀಯ ಎಚ್ಚರಿಕೆಯೊಂದು ಬೇಕು. ಬಯಲುಸೀಮೆಯ ಎರೆಮಣ್ಣು ಒಣಗುವಾಗ ಬಹಳ ಕುಗ್ಗಿ ಬಿರಿಯುತ್ತದೆ; ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಡುವುದನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಅಂಥ ಮಣ್ಣನ್ನು ಅಲಗಿಗೆ ಮೆತ್ತಿದರೆ ಕುಲುಮೆಗೆ ಹೋಗುವ ಮೊದಲೇ ಉದುರುತ್ತದೆ. ನಯವಾದ ಜೇಡಿಮಣ್ಣಿಗೆ ಇದ್ದಿಲ ಪುಡಿ ಮತ್ತು ಸಣ್ಣ ಮರಳು ಬೆರೆಸಬಹುದು, ಇಲ್ಲವೆ ಅಂಗಡಿಯಲ್ಲಿ ಸಿಗುವ ಫರ್ನೇಸ್ ಸಿಮೆಂಟನ್ನು ಬಳಸಬಹುದು. ಬೆನ್ನಿನ ಮೇಲೆ 3 ಮಿಲಿಮೀಟರಿನಷ್ಟು ದಪ್ಪ ಸಾಕು. ಲೇಪಿಸುವ ಮುನ್ನ ಅಲಗಿನ ಜಿಡ್ಡನ್ನು ಸೋಪಿನಿಂದ ತೊಳೆಯಬೇಕು, ಲೇಪಿಸಿದ ಮೇಲೆ ಪೂರ್ತಿ ಒಣಗಿಸಬೇಕು. ತೇವ ಉಳಿದರೆ ಕುಲುಮೆಯಲ್ಲಿ ಆವಿಯಾಗಿ ಲೇಪವನ್ನು ಸಿಡಿಸುತ್ತದೆ.

ಮೂಡುವ ಗೆರೆ ಮಣ್ಣಿನ ಅಂಚಿನ ನಕಲಾಗಿರುವುದಿಲ್ಲ. ಕಾವು ಹೆಚ್ಚಾಗಿದ್ದರೆ ಗೆರೆ ಬೆನ್ನಿನ ಕಡೆಗೆ ಏರುತ್ತದೆ, ಕಡಿಮೆಯಿದ್ದರೆ ಬಾಯಿಯ ಕಡೆಗೆ ಇಳಿಯುತ್ತದೆ.

ನೇಪಾಳದ ಖುಕುರಿ ಮಾಡುವವರು ಮಣ್ಣನ್ನೂ ಬಳಸುವುದಿಲ್ಲ, ದೋಣಿಯನ್ನೂ ಬಳಸುವುದಿಲ್ಲ. ಕಾದ ಅಲಗನ್ನು ಬಾಯಿ ಮೇಲಾಗಿ ಹಿಡಿದು, ಕೆಟಲಿನ ಕೊಕ್ಕಿನಿಂದ ಬಾಯಿಯುದ್ದಕ್ಕೂ ನೀರು ಸುರಿಯುತ್ತಾರೆ. ಇಡೀ ಅಲಗನ್ನು ಗಡಸುಗೊಳಿಸಿ ನಂತರ ಗ್ಯಾಸ್ ಟಾರ್ಚಿನಿಂದ ಬೆನ್ನನ್ನು ಮಾತ್ರ ನೀಲಿ ಬಣ್ಣ ಬರುವಂತೆ ಕಾಯಿಸುವ ಮತ್ತೊಂದು ಕ್ರಮವೂ ಇದೆ. ಅದು ಭಿನ್ನ ಹದಗೊಳಿಕೆಯೇ ಹೊರತು ಭಿನ್ನ ಗಡಸುಗೊಳಿಕೆಯಲ್ಲ. ಬೆನ್ನು ಅಲ್ಲಿ ಪರ್ಲೈಟ್ ಆಗುವುದಿಲ್ಲ, ಮೆತ್ತಗಾದ ಮಾರ್ಟೆನ್ಸೈಟ್ ಆಗಿ ಉಳಿಯುತ್ತದೆ.

ಕಾಯಿಸುವುದು ಮತ್ತು ತಣಿಸುವುದು

ಬಡಿದು ರೂಪುಗೊಳಿಸಿದ ಅಲಗಿನೊಳಗೆ ಸೆಳೆತ ಉಳಿದಿರುತ್ತದೆ. ಅದನ್ನು ಎರಡು ಮೂರು ಬಾರಿ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಸೆಳೆತ ಹೋಗಿ ಹರಳುಗಳೂ ಸಣ್ಣದಾಗುತ್ತವೆ. ನಂತರವೇ ಲೇಪ ಮತ್ತು ಗಡಸುಗೊಳಿಕೆ. ಈ ಹಂತದಲ್ಲಿ ಬಾಯನ್ನು ಹರಿತಗೊಳಿಸಬಾರದು. ಹತ್ತು ರೂಪಾಯಿ ನಾಣ್ಯದ ಅಂಚಿನಷ್ಟಾದರೂ ದಪ್ಪ ಉಳಿಸಬೇಕು. ತೀರ ತೆಳುವಾದ ಬಾಯಿ ನೀರಿನಲ್ಲಿ ಅಲೆಯಲೆಯಾಗಿ ತಿರುಚುತ್ತದೆ ಅಥವಾ ಸೀಳುತ್ತದೆ.

ಕಾವನ್ನು ಕಣ್ಣಳತೆಯಲ್ಲಿ ತಿಳಿಯಲು ಮಬ್ಬುಬೆಳಕು ಬೇಕು. ಬಿಸಿಲಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಕಾವು ಮೀರಿರುತ್ತದೆ. ಹೊಸಬರಿಗೆ ಅಯಸ್ಕಾಂತ ನೆರವಾಗುತ್ತದೆ: ಉಕ್ಕು ಸುಮಾರು 770 ಡಿಗ್ರಿಯ ವೇಳೆಗೆ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಂಟುವುದು ನಿಂತ ಮೇಲೆ ಇನ್ನೊಂದು ಛಾಯೆಯಷ್ಟು ಕಾವೇರಿಸಿ, ಬಾಯಿಯುದ್ದಕ್ಕೂ ಒಂದೇ ಬಣ್ಣ ಬಂದಿದೆಯೇ ಎಂದು ನೋಡಿ ತಣಿಸಬೇಕು. ಮೊನೆ ತೆಳುವಾಗಿರುವುದರಿಂದ ಅದು ಉಳಿದ ಭಾಗಕ್ಕಿಂತ ಮೊದಲು ಕಾಯುತ್ತದೆ, ಮೊದಲು ಕೆಡುವುದೂ ಅದೇ.

ನೀರು ಅತಿ ವೇಗದ ದ್ರವ, ಅಪಾಯವೂ ಅದರಲ್ಲಿಯೇ ಹೆಚ್ಚು. ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುವಾಗ ಗಾತ್ರದಲ್ಲಿ ಸುಮಾರು 4 ಪ್ರತಿಶತ ಹಿಗ್ಗುತ್ತದೆ. ಬಾಯಿ ಹಿಗ್ಗಿ ಬೆನ್ನು ಹಿಗ್ಗದಿದ್ದಾಗ ಅಲಗು ಬೆನ್ನಿನ ಕಡೆಗೆ ಬಾಗುತ್ತದೆ. ಜಪಾನಿನ ಖಡ್ಗದ ಬಾಗು ಬಹುಮಟ್ಟಿಗೆ ಹೀಗೆ ಬಂದದ್ದು. ಈ ಎಳೆದಾಟವನ್ನು ತಾಳದ ಅಲಗು ನೀರಿನೊಳಗೇ ಟಣ್ ಎಂದು ಸದ್ದುಮಾಡಿ ಸೀಳುತ್ತದೆ. ಸೀಳಿದ ಅಲಗನ್ನು ಸರಿಪಡಿಸುವ ಉಪಾಯವಿಲ್ಲ. ಹೊಸಬರು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿದ ಎಣ್ಣೆಯನ್ನು ಬಳಸುವುದು ಕ್ಷೇಮ. ಶೇಂಗಾ, ಕುಸುಬೆ ಮೊದಲಾದ ಅಡುಗೆ ಎಣ್ಣೆಗಳು ಸಣ್ಣ, ತೆಳು ಅಲಗುಗಳಿಗೆ ಸಾಕಾಗುತ್ತವೆ. ಎಣ್ಣೆ ಬೆಚ್ಚಗಾದಾಗ ತೆಳುವಾಗಿ ಹರಿದಾಡುವುದರಿಂದ ತಣ್ಣನೆಯ ಎಣ್ಣೆಗಿಂತ ಬೇಗ ತಣಿಸುತ್ತದೆ. 1095ರಂಥ ಉಕ್ಕಿಗೆ ಎಣ್ಣೆ ಕೆಲವೊಮ್ಮೆ ನಿಧಾನವೆನಿಸಿ ಗೆರೆ ಬಾಯಿಯ ಅಂಚಿಗೆ ಇಳಿದುಬಿಡುವುದುಂಟು. ಅಲಗು ಸೀಳುವುದಕ್ಕಿಂತ ಅದು ವಾಸಿ, ಮತ್ತೊಮ್ಮೆ ಕಾಯಿಸಲು ಅವಕಾಶವಾದರೂ ಇರುತ್ತದೆ.

ಬಾಯಿಯಷ್ಟನ್ನೇ ಅದ್ದುವಾಗ ಅಲಗನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಬಾರದು. ನಿಲ್ಲಿಸಿದರೆ ದ್ರವದ ಮೇಲ್ಮಟ್ಟದ ಗುಂಟ ಗಡಸು ಮತ್ತು ಮೃದು ಭಾಗಗಳ ನಡುವೆ ಚೂಪಾದ ಗಡಿಯುಂಟಾಗಿ ಅಲ್ಲಿಯೇ ಬಿರುಕು ಬಿಡುತ್ತದೆ. ಅಲಗನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸುತ್ತಿದ್ದರೆ ಗಡಿ ಹರಡಿಕೊಳ್ಳುತ್ತದೆ. ಅನುಭವಿ ಕಂಬಾರರ ಕೈ ಯಾರೂ ಹೇಳದೆಯೇ ಹೀಗೆ ಆಡುತ್ತಿರುತ್ತದೆ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ, ಅಂದರೆ ಕ್ರಿಸ್ತಶಕ 6ನೆಯ ಶತಮಾನದಷ್ಟು ಹಿಂದೆಯೇ, ಶಸ್ತ್ರಗಳಿಗೆ ದ್ರವ ಕುಡಿಸುವ ಪ್ರಸ್ತಾಪವಿದೆ. ಅಲ್ಲಿ ಹೇಳಿದ ಪಾಕಗಳಲ್ಲಿ ಬಾಳೆಯ ಕ್ಷಾರವನ್ನು ಮಜ್ಜಿಗೆಯೊಂದಿಗೆ ಬೆರೆಸಿ ಒಂದು ದಿನ ಇಟ್ಟು ಬಳಸುವುದೂ ಒಂದು. ಹಾಗೆ ಕುಡಿಸಿದ ಅಲಗು ಕಲ್ಲಿಗೆ ಬಡಿದರೆ ಮುರಿಯದು, ಬೇರೆ ಲೋಹಕ್ಕೆ ತಾಗಿದರೆ ಮೊಂಡಾಗದು ಎಂಬುದು ಅದರ ಆಶಯ. ಮುರಿಯದಿರುವುದು, ಮೊಂಡಾಗದಿರುವುದು ಎಂಬ ಎರಡೂ ಬೇಡಿಕೆಗಳನ್ನು ಒಟ್ಟಿಗೆ ಹೇಳಿರುವುದು ಗಮನಾರ್ಹ. ಕ್ಷಾರ ಅಥವಾ ಉಪ್ಪು ಬೆರೆತ ನೀರು ಆವಿಯ ಹೊದಿಕೆಯನ್ನು ಒಡೆದು ಬರಿ ನೀರಿಗಿಂತ ಬೇಗ ತಣಿಸುತ್ತದೆ ಎಂಬುದು ಇಂದಿನ ಲೋಹಶಾಸ್ತ್ರಕ್ಕೂ ಸಮ್ಮತ. ಇದೇ ಪ್ರಕರಣದಲ್ಲಿ ಬರುವ ರಕ್ತ, ತುಪ್ಪಗಳಿಗೆ ಫಲಾಪೇಕ್ಷೆಯ ಕಾರಣಗಳನ್ನು ಹೇಳಲಾಗಿದೆ. ಅವನ್ನು ಲೋಹವಿದ್ಯೆಯೆಂದು ಓದಬೇಕಾಗಿಲ್ಲ.

ಹದಗೊಳಿಕೆ

ತಣಿಸಿದ ಅಲಗಿನ ಬಾಯಿಯ ಮೇಲೆ ಅರವನ್ನು ಎಳೆದು ನೋಡಬೇಕು. ಗಾಜಿನ ಮೇಲೆಂಬಂತೆ ಜಾರಿದರೆ ಗಡಸಾಗಿದೆ, ಕಚ್ಚಿದರೆ ಆಗಿಲ್ಲ. ಆದರೆ ಕುಲುಮೆಯಲ್ಲಿ ಮೇಲ್ಪದರದ ಇಂಗಾಲ ಸ್ವಲ್ಪ ಉರಿದುಹೋಗಿರುವುದರಿಂದ ಮೊದಲ ಒಂದೆರಡು ಎಳೆತಕ್ಕೆ ಕಚ್ಚಿ, ಆಮೇಲೆ ಜಾರುವುದೂ ಉಂಟು. ಗಡಸಾದ ಅಲಗನ್ನು ತಡಮಾಡದೆ ಹದಗೊಳಿಸಬೇಕು. ಮಾರನೆಯ ದಿನಕ್ಕೆಂದು ಎತ್ತಿಟ್ಟ ಅಲಗು ರಾತ್ರಿಯಲ್ಲಿ ತಾನಾಗಿ ಬಿರುಕು ಬಿಡುವುದುಂಟು.

ಮನೆಯ ಓವನ್‌ನಲ್ಲಿ ಸುಮಾರು 200 ಡಿಗ್ರಿಯಲ್ಲಿ ಒಂದು ಗಂಟೆಯಂತೆ ಎರಡು ಬಾರಿ ಇಟ್ಟರೆ ಬಾಯಿಯ ಗಡಸುತನ 60ರ ಆಸುಪಾಸಿಗೆ ಇಳಿಯುತ್ತದೆ, ಅಡುಗೆಮನೆಯ ಚೂರಿಗೆ ಅದು ಹೊಂದುತ್ತದೆ. ಬಣ್ಣ ನೋಡಿ ಹದಗೊಳಿಸುವುದಾದರೆ, ಒಣಗಿದ ಜೋಳದ ಕಣಿಕೆಯಂಥ ತಿಳಿಹಳದಿ 205ರಿಂದ 230 ಡಿಗ್ರಿಯನ್ನು, ಕಂದು 250ರ ಮೇಲನ್ನು, ನೇರಳೆ 280ರ ಸುತ್ತಮುತ್ತಲನ್ನು, ನೀಲಿ 300ರ ಸಮೀಪವನ್ನು ಸೂಚಿಸುತ್ತವೆ. ತರಕಾರಿ ಹೆಚ್ಚುವ ಚೂರಿಗೆ ಹಳದಿ ಸಾಕು. ಪೆಟ್ಟು ತಿನ್ನುವ ಕೊಯ್ತಾ, ಕೊಡಲಿಗಳಿಗೆ ಕಂದಿನಿಂದ ನೇರಳೆಯವರೆಗೆ ಹೋಗಬೇಕು. ಮುಂದೆ ಯಂತ್ರದ ಸಾಣೆಚಕ್ರದಲ್ಲಿ ಮಸೆಯುವಾಗ ಬಾಯಿ ನೀಲಿಗಟ್ಟಿದರೆ ಅಲ್ಲಿಯ ಹದ ಹೋಯಿತೆಂದೇ ತಿಳಿಯಬೇಕು. ಸಂತೆಯಲ್ಲಿ ಅವಸರದಿಂದ ಸಾಣೆ ಹಿಡಿಸಿದ ಎಷ್ಟೋ ಒಳ್ಳೆಯ ಕುಡುಗೋಲುಗಳು ಹೀಗೆ ಕೆಡುತ್ತವೆ, ದೂರು ಮಾತ್ರ ಕಂಬಾರನ ಮೇಲೆ ಬರುತ್ತದೆ.

ಆಮ್ಲಕೊರೆತ

ಕೊರೆತದ ಯಶಸ್ಸು ಬಹುಪಾಲು ಅದಕ್ಕೆ ಮೊದಲಿನ ಉಜ್ಜಾಟದಲ್ಲಿದೆ. ಇಂಗಾಲ ಕಳೆದುಕೊಂಡ ಮೇಲ್ಪದರವನ್ನು ಪೂರ್ತಿ ತೆಗೆದು, 220, 400, 600, 1000 ಅಂಕಿಯ ಪಾಲಿಶ್ ಕಾಗದಗಳಿಂದ ಕ್ರಮವಾಗಿ ಉಜ್ಜಬೇಕು; ಪ್ರತಿಯೊಂದೂ ಹಿಂದಿನ ಕಾಗದದ ಗೀರುಗಳನ್ನು ಅಳಿಸಿದ ಮೇಲೆಯೇ ಮುಂದಿನದು. ಉಳಿದ ಒಂದು ಗೀರೂ ಆಮ್ಲದಲ್ಲಿ ಎದ್ದುಕಾಣುತ್ತದೆ. ಕೊನೆಯಲ್ಲಿ ಸೋಪಿನಿಂದ ತೊಳೆದು, ಬೆರಳು ತಾಗಿಸದೆ ಒಣಗಿಸಬೇಕು. ಬೆರಳಿನ ಜಿಡ್ಡು ತಾಗಿದ ಕಡೆ ಆಮ್ಲ ಹಿಡಿಯುವುದಿಲ್ಲ.

ಎಲ್ಲಕ್ಕಿಂತ ಸುಲಭದ ದ್ರವವೆಂದರೆ ಬಿಸಿಮಾಡಿದ ವಿನೆಗರ್ ಅಥವಾ ಲಿಂಬೆರಸ. ಇವು ನಿಧಾನ, ಹಲವು ನಿಮಿಷಗಳನ್ನೇ ಬೇಡುತ್ತವೆ; ಆದರೆ ಗೆರೆ ಇದೆಯೋ ಇಲ್ಲವೋ ಎಂದು ತಿಳಿಯಲು ಸಾಕು. ಹೆಚ್ಚು ಸ್ಪಷ್ಟತೆ ಬೇಕಾದಾಗ ಫೆರಿಕ್ ಕ್ಲೋರೈಡ್ ಬಳಸುತ್ತಾರೆ. ವಿದ್ಯುನ್ಮಾನ ಸರ್ಕಿಟ್ ಹಲಗೆಗಳ ತಾಮ್ರವನ್ನು ಕರಗಿಸಲು ಬಳಸುವ ಈ ದ್ರಾವಣ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಒಂದು ಪಾಲಿಗೆ ನಾಲ್ಕರಿಂದ ಆರು ಪಾಲು ನೀರು ಬೆರೆಸಿ, ಅಲಗನ್ನು ಹತ್ತು ಇಪ್ಪತ್ತು ಸೆಕೆಂಡು ಮಾತ್ರ ಅದ್ದಿ ತೆಗೆದು, ತೊಳೆದು, ಕಪ್ಪು ಪದರವನ್ನು ತೀರ ನಯವಾದ ಕಾಗದದಿಂದ ಮೆಲ್ಲಗೆ ಒರೆಸಿ ಮತ್ತೆ ಅದ್ದಬೇಕು. ಒಮ್ಮೆಲೇ ಬಹಳ ಹೊತ್ತು ಅದ್ದಿಟ್ಟರೆ ಅಲಗು ಕುಳಿಬೀಳುತ್ತದೆ, ಸೂಕ್ಷ್ಮ ವಿವರ ಅಳಿಸುತ್ತದೆ. ಮುಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಮುಳುಗಿಸಿ ಉಳಿದ ಆಮ್ಲೀಯತೆಯನ್ನು ತೊಡೆದು, ಒಣಗಿಸಿ ಎಣ್ಣೆ ಸವರಬೇಕು. ಸೋಡಾ ಹಂತವನ್ನು ಮರೆತ ಅಲಗು ಬೆಳಗಾಗುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ.

ಗಡಸು ಭಾಗ ಕಪ್ಪಾಗಿ ಕಾಣುವುದೋ ಬೆಳ್ಳಗೋ ಎಂಬುದು ದ್ರವ, ಹದ, ಉಜ್ಜಿದ ಬಗೆ ಮತ್ತು ಬೆಳಕಿನ ಕೋನಗಳಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಬಣ್ಣಕ್ಕಿಂತ ಗಡಿಯನ್ನು ಓದುವುದು ಮುಖ್ಯ. ಗಡಿ ಹಿಡಿಯ ಬುಡದಿಂದ ಮೊನೆಯವರೆಗೆ ಕಡಿಯದೆ ಸಾಗಬೇಕು, ಬಾಯಿಯ ಅಂಚಿನಿಂದ ಸಾಕಷ್ಟು ಮೇಲಿರಬೇಕು. ಅದು ಎಲ್ಲಾದರೂ ಬಾಯನ್ನು ಮುಟ್ಟಿದ್ದರೆ ಅಲ್ಲಿ ಅಲಗು ಮೆತ್ತಗಿದೆ. ಎಷ್ಟು ಮಸೆದರೂ ಆ ಜಾಗ ಮೊದಲು ಮೊಂಡಾಗುತ್ತದೆ. ಗಡಿ ಬಾಯಿಗೆ ತೀರ ಹತ್ತಿರವಿದ್ದರೆ ಕೆಲವು ವರ್ಷಗಳ ಮಸೆತದಲ್ಲಿ ಗಡಸು ಭಾಗವೇ ಸವೆದುಹೋಗುತ್ತದೆ. ಬಾಯಿಯಿಂದ ಮೇಲಕ್ಕೆ ಕೂದಲಿನಂಥ ಕಪ್ಪು ಗೆರೆ ಕಂಡರೆ ಅದು ಬಿರುಕು. ಅಂಥ ಅಲಗು ಎಷ್ಟೇ ಸುಂದರವಾಗಿದ್ದರೂ ಹಿಡಿ ಹಾಕಿ ಯಾರ ಕೈಗೂ ಕೊಡಬಾರದು.

ಮೂರು ಬಗೆಯ ಗೆರೆಗಳು

ಆಮ್ಲದಲ್ಲಿ ಮೂಡುವ ಎಲ್ಲ ಚಿತ್ತಾರಗಳನ್ನೂ ಡಮಾಸ್ಕಸ್ ಎಂದು ಕರೆಯುವುದು ರೂಢಿಯಾಗಿದೆ. ಇದರಿಂದ ಗೊಂದಲವಾಗುತ್ತದೆ. ಮೇಲೆ ವಿವರಿಸಿದ ಗೆರೆ ತಣಿಯುವ ವೇಗದ ವ್ಯತ್ಯಾಸದಿಂದ ಬರುತ್ತದೆ. ಬೇರೆ ಬೇರೆ ಉಕ್ಕುಗಳ ಪಟ್ಟಿಗಳನ್ನು ಕುಲುಮೆಯಲ್ಲಿ ಬೆಸೆದು, ಮಡಿಸಿ, ತಿರುಚಿ ಮಾಡಿದ ಅಲಗಿನಲ್ಲಿ ಪದರಗಳ ಚಿತ್ತಾರ ಕಾಣುತ್ತದೆ. ಇಂದು ಮಾರುಕಟ್ಟೆಯಲ್ಲಿ ಆ ಹೆಸರಿನಿಂದ ಮಾರುವ ಚೂರಿಗಳು ಹೆಚ್ಚಾಗಿ ಇಂಥವು. ಮೂರನೆಯದು ಮೂಸೆಯಲ್ಲಿ ಕರಗಿಸಿ ಮಾಡಿದ ದಕ್ಷಿಣ ಭಾರತದ ಉಕ್ಕು. ಅದರಲ್ಲಿ 1ರಿಂದ 2 ಪ್ರತಿಶತದಷ್ಟು ಇಂಗಾಲವಿದ್ದು, ಕಾರ್ಬೈಡ್ ಕಣಗಳು ಸಾಲುಗಟ್ಟಿ ನಿಂತು ನೀರಿನಲೆಯಂಥ ಚಿತ್ತಾರ ಕೊಡುತ್ತವೆ.

ಈ ಮೂರನೆಯ ಉಕ್ಕಿಗೆ ಇಂಗ್ಲಿಷಿನಲ್ಲಿ ಬಂದ ವೂಟ್ಜ್ ಎಂಬ ಹೆಸರು ಕನ್ನಡದ ಉಕ್ಕು ಶಬ್ದದ ರೂಪಾಂತರವೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಈ ಉಕ್ಕಿನ ಕುರಿತ ಪ್ರಬಂಧ ಸಲ್ಲಿಸಿದನು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿ ಹಾಗೂ ಎಲೆಗಳೊಂದಿಗೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದುದನ್ನು ದಾಖಲಿಸಿದ್ದಾನೆ. ಕೆಲವು ವರ್ಷಗಳ ನಂತರ ಮೈಕೆಲ್ ಫ್ಯಾರಡೆಯೂ ಚೂರಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ಇದರ ಗುಟ್ಟನ್ನು ಹುಡುಕಿದನು. ಜಾನ್ ವರ್ಹೋವನ್ ಮತ್ತು ಚೂರಿಗಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ನಡೆಸಿದ ಪ್ರಯೋಗಗಳು, ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ವೆನೇಡಿಯಂನಂಥ ಧಾತುಗಳು ಈ ಚಿತ್ತಾರಕ್ಕೆ ಕಾರಣವೆಂದು ತೋರಿಸಿದವು. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಪರಂಪರೆಯ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಆಮ್ಲದಿಂದ ಚಿತ್ತಾರ ಕಾಣಿಸುವುದಷ್ಟೇ ಇವು ಮೂರಕ್ಕೂ ಸಮಾನ. ಕಾರಣಗಳು ಬೇರೆ ಬೇರೆ. ಚಿತ್ತಾರವಿದ್ದ ಮಾತ್ರಕ್ಕೆ ಬಾಯಿ ಗಡಸಾಗಿದೆಯೆಂದು ಹೇಳಲಾಗದು.

ಮೆತ್ತನೆಯ ಕಬ್ಬಿಣದ ಉಪಕರಣಕ್ಕೆ ಬಾಯಿಯಲ್ಲಿ ಮಾತ್ರ ಉಕ್ಕಿನ ಪಟ್ಟಿಯನ್ನು ಬೆಸೆಯುವ ಹಳೆಯ ಕ್ರಮವೂ ಇದೇ ಗುರಿಯನ್ನು ಬೇರೆ ದಾರಿಯಿಂದ ಮುಟ್ಟುತ್ತದೆ. ಉಕ್ಕು ದುಬಾರಿಯಾಗಿದ್ದ ಕಾಲದಲ್ಲಿ ಅದು ಉಳಿತಾಯದ ಮಾರ್ಗವೂ ಆಗಿತ್ತು.

ಸುರಕ್ಷತೆ ಮತ್ತು ಕಾನೂನು

ಕಾದ ಅಲಗನ್ನು ಎಣ್ಣೆಗೆ ಇಳಿಸುವಾಗ ಮೇಲ್ಭಾಗದಲ್ಲಿ ಜ್ವಾಲೆ ಏಳುವುದು ಸಾಮಾನ್ಯ. ಎಣ್ಣೆಯನ್ನು ಲೋಹದ ಆಳವಾದ ಡಬ್ಬಿಯಲ್ಲಿಟ್ಟು, ಅದಕ್ಕೆ ಹೊಂದುವ ಲೋಹದ ಮುಚ್ಚಳವನ್ನು ಕೈಗೆಟಕುವಂತೆ ಇರಿಸಿಕೊಳ್ಳಬೇಕು. ಉರಿಯುವ ಎಣ್ಣೆಗೆ ನೀರು ಸುರಿಯಬಾರದು. ಪ್ಲಾಸ್ಟಿಕ್ ಬಕೆಟ್ ಸಲ್ಲದು. ಬಳಸಿದ ಎಂಜಿನ್ ಎಣ್ಣೆಯ ಹೊಗೆ ವಿಷಕಾರಿಯಾದ್ದರಿಂದ ಪುಕ್ಕಟೆ ಸಿಕ್ಕರೂ ಬಿಡಬೇಕು. ಸತುವಿನ ಲೇಪವಿರುವ ಜಿಐ ಪೈಪು, ತಗಡುಗಳನ್ನು ಕುಲುಮೆಗೆ ಹಾಕಿದರೆ ಬರುವ ಬಿಳಿ ಹೊಗೆ ಜ್ವರ, ಉಬ್ಬಸ ತರುತ್ತದೆ. ನೂಲಿನ ಬಟ್ಟೆ, ಮುಚ್ಚಿದ ಪಾದರಕ್ಷೆ, ಕಣ್ಣಿಗೆ ಕನ್ನಡಕ ಇರಬೇಕು. ಪಾಲಿಯೆಸ್ಟರ್ ಬಟ್ಟೆ ಕಿಡಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಫೆರಿಕ್ ಕ್ಲೋರೈಡ್ ಚರ್ಮ, ಬಟ್ಟೆ, ನೆಲದ ಕಲ್ಲುಗಳ ಮೇಲೆ ಅಳಿಸಲಾಗದ ಕಲೆ ಮಾಡುತ್ತದೆ, ಕಣ್ಣಿಗೆ ಅಪಾಯಕಾರಿ. ಅದನ್ನು ಗಾಜು ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಮಾತ್ರ ಇಡಬೇಕು, ದ್ರಾವಣವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ದ್ರಾವಣಕ್ಕಲ್ಲ, ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಲೋಹಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಬಳಸುವ, ಆಲ್ಕೊಹಾಲಿನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲವನ್ನು ಮನೆಯಲ್ಲಿ ಮಾಡುವ ಸಾಹಸ ಹೊಸಬರಿಗೆ ಸಲ್ಲದು. ಪ್ರಮಾಣ ತಪ್ಪಿದರೆ ಅದು ಸ್ಫೋಟಿಸಬಲ್ಲದು.

ಭಾರತದ ಶಸ್ತ್ರಾಸ್ತ್ರ ಕಾಯ್ದೆ, 1959ರ ವ್ಯಾಖ್ಯೆಯಿಂದ ಕೇವಲ ಗೃಹಬಳಕೆ ಅಥವಾ ಕೃಷಿಗಾಗಿ ರೂಪಿಸಿದ ಸಾಧನಗಳು ಹೊರಗುಳಿಯುತ್ತವೆ. ಇದರಡಿಯ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚೂರಿಗಳನ್ನು ಖಡ್ಗ, ಭರ್ಜಿಗಳ ವರ್ಗಕ್ಕೆ ಸೇರಿಸುತ್ತವೆ. ಮನೆ, ಹೊಲ, ವಿಜ್ಞಾನ ಮತ್ತು ಕೈಗಾರಿಕೆಯ ಬಳಕೆಗೆಂದು ಮಾಡಿದವುಗಳಿಗೆ ಮಾತ್ರ ವಿನಾಯಿತಿ. ಕೊಯ್ತಾ ಎರಡು ಅಂಗುಲಕ್ಕಿಂತ ಅಗಲವಿದ್ದರೂ ಹೊಲದ ಸಾಧನವೆಂಬ ಕಾರಣಕ್ಕೆ ಈ ವಿನಾಯಿತಿಯೊಳಗೆ ಬರುತ್ತದೆ. ಅಷ್ಟೇ ಅಗಲದ ಅಲಗನ್ನು ಆಯುಧವೆಂದು ರೂಪಿಸಿದರೆ ಬರುವುದಿಲ್ಲ.